ಒಂದೇ ಜಾಗ, ಎರಡು ಋತು: 2024ರ ನನ್ನ ಮೆಚ್ಚಿನ ಚಿತ್ರಗಳು

ಪ್ರತಿ ಡಿಸೆಂಬರ್‌ನಲ್ಲಿ ಆ ವರ್ಷದ ಚಿತ್ರಗಳನ್ನು ಸಣ್ಣ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಮನೆಯ ಗೋಡೆಗೆ ಅಂಟಿಸುತ್ತೇನೆ. ಕಂಪ್ಯೂಟರ್ ಪರದೆಯ ಮೇಲೆ ಎಲ್ಲವೂ ಚೆಂದವೇ. ಗೋಡೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದರೆ ಕೆಲವು ವಾರದೊಳಗೆ ಸಪ್ಪೆಯಾಗುತ್ತವೆ, ಕೆಲವು ನಿಂತು ನೋಡುವಂತೆ ಮಾಡುತ್ತವೆ. 2024ರ ಚಿತ್ರಗಳಲ್ಲಿ ನನ್ನನ್ನು ಈಗಲೂ ನಿಲ್ಲಿಸುವವು ಒಂಟಿ ಚಿತ್ರಗಳಲ್ಲ, ಜೋಡಿ ಚಿತ್ರಗಳು. ಹೋದ ಜಾಗಕ್ಕೇ ಮತ್ತೆ ಹೋಗಿ, ನಿಂತ ನೆಲದಲ್ಲೇ ಮತ್ತೆ ನಿಂತು ತೆಗೆದವು.

ಆ ವರ್ಷ ಶುರುವಾದದ್ದು ಬರದಲ್ಲಿ. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. ಬಿರುಕು ಬಿಟ್ಟ ಕೆರೆಯಂಗಳದ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಬರುತ್ತಿದ್ದವು. ಅಂಥ ಚಿತ್ರ ಯಾವ ಬೇಸಿಗೆಯಲ್ಲಾದರೂ ಸಿಗುತ್ತದೆ. ಈ ಬರವನ್ನು ತೋರಿಸಬೇಕಾದರೆ ನೀರು ಎಲ್ಲಿಯವರೆಗೆ ಇರಬೇಕಿತ್ತು ಎಂಬ ಅಳತೆ ಚೌಕಟ್ಟಿನೊಳಗೇ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಹಾಗೆ ಹುಡುಕುವಾಗ ನೆನಪಾದದ್ದು ಹಾಸನದ ಬಳಿಯ ಶೆಟ್ಟಿಹಳ್ಳಿಯ ಹಳೆಯ ರೋಸರಿ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಈ ಚರ್ಚ್, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿನ ಪಾಲಾಯಿತು. ಚಾವಣಿ ಹೋಗಿದೆ, ಚೂಪು ಕಮಾನುಗಳು ನಿಂತಿವೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆಲ್ಲ ನಡೆದಾಡಬಹುದು.

ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದಾಗ ನಾನು ಮೊದಲು ನೋಡಿದ್ದು ಚರ್ಚನ್ನಲ್ಲ, ದಡವನ್ನು. ಮಳೆಗಾಲದಲ್ಲೂ ಇದೇ ಚಿತ್ರ ಬೇಕೆಂದರೆ ಈಗ ಕಾಲಿಟ್ಟ ನೆಲ ಆಗಲೂ ನೀರಿನಿಂದ ಹೊರಗಿರಬೇಕು. ಹಿನ್ನೀರಿನ ಅಂಚಿನಲ್ಲಿ ಇದಕ್ಕೆ ಸಾಕ್ಷಿ ಸಿಗುತ್ತದೆ. ನೀರು ಏರುವಷ್ಟು ದೂರ ನೆಲ ಬೋಳು, ಇಲ್ಲವೇ ಎಳೆ ಹುಲ್ಲು. ಅದರಾಚೆಗೆ ಪೊದೆ, ಮರ, ಗಟ್ಟಿ ಬೇರು. ಗೋಡೆಯ ಇಟ್ಟಿಗೆಯ ಮೇಲೂ ಹಳೆಯ ಮಳೆಗಾಲಗಳ ಕಲೆ ಅಡ್ಡಗೆರೆಯಾಗಿ ಉಳಿದಿರುತ್ತದೆ. ಆ ಗೆರೆಯ ಮಟ್ಟಕ್ಕೆ ಕಣ್ಣು ಹಾಯಿಸಿದರೆ ದಡದಲ್ಲಿ ನೀರು ಎಲ್ಲಿಗೆ ಮುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ. ಪೊದೆ ಶುರುವಾಗುವ ಕಡೆ, ಒಂದು ಬಂಡೆಯ ಪಕ್ಕದಲ್ಲಿ ಟ್ರೈಪಾಡ್ ಊರಿದೆ. ಕ್ಯಾಮೆರಾ ನನ್ನ ಎದೆಯ ಎತ್ತರಕ್ಕೆ, ಲೆನ್ಸ್ 35 ಮಿ.ಮೀ. ಮುಂದೆ ಬೋಳು ನೆಲ, ಅದರಲ್ಲಿ ದನಗಳು ನಡೆದು ಸವೆದ ದಾರಿ. ಆ ದಾರಿ ನೇರ ಚರ್ಚಿನೊಳಕ್ಕೇ ಹೋಗಿತ್ತು.

ಜುಲೈನಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿಯಿತು. ಹೇಮಾವತಿ ತುಂಬುತ್ತಿದ್ದಾಳೆ ಎಂಬ ಸುದ್ದಿ ಬಂದ ಮೇಲೆ ಏಪ್ರಿಲ್‌ನ ಪ್ರಿಂಟ್ ಜೇಬಿನಲ್ಲಿಟ್ಟುಕೊಂಡು ಹೊರಟೆ. ಬಂಡೆ ಇತ್ತು, ನೀರು ಅದಕ್ಕೆ ತುಸು ಕೆಳಗಿತ್ತು. ಇಲ್ಲಿ ಕೆಲಸ ನಿಧಾನದ್ದು. ಜಿಪಿಎಸ್ ನಿಮ್ಮನ್ನು ಬಂಡೆಯವರೆಗೆ ಕರೆದೊಯ್ಯಬಹುದು, ಚೌಕಟ್ಟು ಕೂಡಿಸಿಕೊಡುವುದಿಲ್ಲ. ನಾನು ಹತ್ತಿರದ ಒಂದು ಅಂಚನ್ನೂ ದೂರದ ಒಂದು ಅಂಚನ್ನೂ ಹಿಡಿಯುತ್ತೇನೆ. ಇಲ್ಲಿ ಗೋಪುರದ ಎಡ ಅಂಚು, ಅದರ ಹಿಂದೆ ಕಾಣುವ ಕಮಾನಿನ ತುದಿ. ಪ್ರಿಂಟ್‌ನಲ್ಲಿ ಇವೆರಡರ ನಡುವೆ ಎಷ್ಟು ಆಕಾಶವಿದೆಯೋ ಅಷ್ಟೇ ಆಕಾಶ ಕ್ಯಾಮೆರಾದಲ್ಲೂ ಕಾಣುವವರೆಗೆ ಟ್ರೈಪಾಡನ್ನು ಅಂಗೈಯಗಲ ಆಚೆ, ಬೆರಳಗಲ ಈಚೆ ಸರಿಸುತ್ತೇನೆ. ಎರಡೂ ಸಲ ಮೋಡದ ಬೆಳಕನ್ನೇ ಆರಿಸಿಕೊಂಡದ್ದು ಬೇಕೆಂದೇ. ಒಂದರಲ್ಲಿ ಬಿಸಿಲು, ಇನ್ನೊಂದರಲ್ಲಿ ಮೋಡ ಇದ್ದರೆ ನೋಡುವವರ ಕಣ್ಣು ಬೆಳಕಿಗೆ ಹೋಗುತ್ತದೆ, ನೀರಿಗೆ ಹೋಗುವುದಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ ದನದ ದಾರಿ ನೀರಿನಂಚಿನಲ್ಲಿ ಕಡಿದು ನಿಲ್ಲುತ್ತದೆ. ವರ್ಷದ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಜೋಡಿ.

ಹಂಪಿಯದು ಬೇರೆ ಬಗೆ. ತುಂಗಭದ್ರಾ ಜಲಾಶಯದಿಂದ ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟರೆ ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ ನದಿಯಲ್ಲಿರುವ ಪುರಂದರ ಮಂಟಪ ಮುಳುಗುತ್ತದೆ. ಜುಲೈ ಕೊನೆಯಲ್ಲಿ ಅದೇ ಆಯಿತು. ನೀರಿನ ಚಿತ್ರ ಎಂದರೆ ಶಟರ್ ಬಹಳ ಹೊತ್ತು ತೆರೆದಿಟ್ಟು ನದಿಯನ್ನು ಬಿಳಿ ಮಂಜು ಮಾಡುವ ರೂಢಿ ನಮ್ಮವರಲ್ಲಿದೆ. ಪ್ರವಾಹಕ್ಕೆ ಅದು ಸಲ್ಲದು. ಊರುಗಳನ್ನು ಹೆದರಿಸುವ ಕೆಂಪು ನೀರನ್ನು ಶಾಂತವಾಗಿ ತೋರಿಸುವುದು ಸುಳ್ಳು ಹೇಳಿದಂತೆಯೇ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆದರೆ ನೀರು ಹೆಪ್ಪುಗಟ್ಟಿ ವೇಗ ಕಾಣೆಯಾಗುತ್ತದೆ. ನನಗೆ ಒಪ್ಪಿಗೆಯಾದದ್ದು ಹದಿನೈದನೇ ಒಂದು ಭಾಗ. ಸುಳಿಗಳ ಗೆರೆ ಎಳೆದಂತೆ ಮೂಡಿತು, ಕಲ್ಲು ಮಾತ್ರ ಅಲುಗಲಿಲ್ಲ. ಆಮೇಲೆ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಕೂಡಿಟ್ಟ ನೀರು ಹರಿದುಹೋಗುವುದನ್ನು ರೈತರು ನೋಡುತ್ತ ನಿಲ್ಲಬೇಕಾಯಿತು. ಅದರ ನಂತರ ನನ್ನ ಜುಲೈ ಚಿತ್ರವನ್ನು ಬರೀ ಹಂಪಿಯ ನೋಟವಾಗಿ ನೋಡಲು ನನಗೇ ಆಗಲಿಲ್ಲ. ಅದರ ಜೊತೆಗಿರುವುದು ಡಿಸೆಂಬರ್‌ನದು: ಅದೇ ಮಂಟಪ, ಕಂಬಗಳ ಬುಡದವರೆಗೂ ಒಣಗಿದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಚಿತ್ರ ಒಂಟಿಯಾಗಿಯೇ ಗೋಡೆಯಲ್ಲಿ ಉಳಿಯಿತು. ಹುಣಸೆಮರದ ಮೇಲೆ ಹೆಜ್ಜಾರ್ಲೆಗಳ ಗೂಡು, ಕೆಳಗೆ ಹಿಕ್ಕೆ ಬಿದ್ದು ಬೆಳ್ಳಗಾದ ಅಂಗಳ, ಅಲ್ಲೇ ಪಾತ್ರೆ ತೊಳೆಯುತ್ತಿರುವ ಹೆಂಗಸು. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಈ ಹಕ್ಕಿಗಳು ಬರುತ್ತವೆ ಎನ್ನುತ್ತಾರೆ ಆ ಊರಿನವರು. ಉದ್ದನೆಯ ಲೆನ್ಸ್ ಹಾಕಿ ಕೊಕ್ಕಿನ ಚೀಲದವರೆಗೂ ಹತ್ತಿರ ಹೋಗಬಹುದಿತ್ತು, ಅಂಥವನ್ನೂ ತೆಗೆದೆ. ಅವು ಯಾವ ಊರಿನ ಹಕ್ಕಿಯಾದರೂ ಆಗಬಹುದು. ಅಂಗಳ ಇರುವ ಚಿತ್ರ ಬೆಳ್ಳೂರಿನದೇ.

ಅಕ್ಟೋಬರ್ ಮೊದಲ ವಾರ ಸೂರ್ಯೋದಯಕ್ಕೆ ಮುಂಚೆ ಪೂರ್ವದಲ್ಲಿ ಕಂಡ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವನ್ನೂ ತೆಗೆದೆ. 85 ಮಿ.ಮೀ. ಲೆನ್ಸ್, ನಾಲ್ಕು ಸೆಕೆಂಡು. ಅದಕ್ಕಿಂತ ಹೆಚ್ಚು ತೆರೆದಿಟ್ಟರೆ ಭೂಮಿ ತಿರುಗುವುದರಿಂದ ಚುಕ್ಕಿಗಳು ಗೀಟುಗಳಾಗತೊಡಗುತ್ತವೆ. ನೋಡಿದ ಸಂತೋಷ ದೊಡ್ಡದು. ಆದರೆ ಆ ವಾರ ನೂರಾರು ಜನ ತೆಗೆದ ಚಿತ್ರಕ್ಕೂ ನನ್ನದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅದನ್ನು ಮಗಳ ಕೋಣೆಗೆ ಕೊಟ್ಟೆ.

ಜೋಡಿ ಚಿತ್ರಗಳ ಪ್ರಿಂಟ್‌ನ ಹಿಂಬದಿಗೆ ತಾರೀಖು, ಹೊತ್ತು, ಲೆನ್ಸ್, ಕ್ಯಾಮೆರಾದ ಎತ್ತರ, ಹಿಡಿದ ಎರಡು ಅಂಚುಗಳು, ಬಂಡೆಯ ಚಿಕ್ಕದೊಂದು ನಕ್ಷೆ, ಇಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಪೆನ್ಸಿಲ್ಲೇ ಯಾಕೆಂದರೆ ಮಳೆಯಲ್ಲಿ ಒದ್ದೆಯಾದರೂ ಅಕ್ಷರ ಹರಡುವುದಿಲ್ಲ. ಶೆಟ್ಟಿಹಳ್ಳಿಯ ಗೋಡೆಗಳು ಪ್ರತಿ ಮಳೆಗಾಲವೂ ಇಷ್ಟಿಷ್ಟೇ ಸಡಿಲವಾಗುತ್ತಿವೆ. ಹತ್ತಿರದ ಊರುಗಳಲ್ಲಿ ಕ್ಯಾಮೆರಾ ಇರುವವರು, ಒಳ್ಳೆಯ ಮೊಬೈಲ್ ಇದ್ದರೂ ಸಾಕು, ಒಂದು ಜಾಗ ಗೊತ್ತು ಮಾಡಿಕೊಂಡು ಬೇಸಿಗೆಗೊಂದು, ಮಳೆಗಾಲಕ್ಕೊಂದು ತೆಗೆಯುತ್ತ ಬನ್ನಿ.