ರಕ್ತದ ಕಲೆಯಿಂದ ವಯಸ್ಸು ಹೇಳೋದು ಹೆಂಗೆ: ಮೊದ್ಲು ಜೂನ್ 1ರ ಕಾಟ ಕಳ್ಕೊಳ್ಳಿ

ಮೈಸೂರಿನ ಮಾನಸಗಂಗೋತ್ರಿಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡೋ ಹುಡುಗ್ರು ವರ್ಷಾ ವರ್ಷ ಇದನ್ನೇ ಕೇಳ್ತಾರೆ, ಸಾರ್ ರಕ್ತದ ಕಲೆ ಇದೆ, ಆ ಮನುಷ್ಯನ ವಯಸ್ಸು ಹೇಳೋದು ಹೆಂಗೆ ಅಂತ. ಅದಕ್ಕೇ ಒಂದ್ಸಲ ಕೂತು ಬರ್ದುಬಿಡ್ತೀನಿ.

ಡಿಎನ್‌ಎಲಿ ಸಿ ಅನ್ನೋ ಅಕ್ಷರದ ಪಕ್ಕಕ್ಕೇ ಜಿ ಅನ್ನೋ ಅಕ್ಷರ ಬರೋ ಜಾಗಗಳಿರ್ತವೆ, ಸಿಪಿಜಿ ಅಂತಾರೆ, ಅಲ್ಲಿರೋ ಸಿ ಮೇಲೆ ಮಿಥೈಲ್ ಅನ್ನೋ ಸಣ್ಣ ಗುಂಪು ಕೂತಿರುತ್ತೆ, ಇಲ್ಲಾ ಕೂತಿರಲ್ಲ. ಕೆಲವು ಜಾಗದಲ್ಲಿ ವಯಸ್ಸಾಗ್ತಾ ಆಗ್ತಾ ಮಿಥೈಲ್ ಕೂತಿರೋ ಪರ್ಸೆಂಟ್ ಏರುತ್ತೆ, ಕೆಲವು ಕಡೆ ಇಳಿಯುತ್ತೆ. ರಕ್ತದ ಮಟ್ಟಿಗೆ ರಾಜ ಅಂದ್ರೆ ಎಲೋವಲ್2 ಜೀನು, ಅದು ಏರೋದು. ಜತೆಗೆ ಎಫ್‌ಎಚ್‌ಎಲ್2, ಟ್ರಿಮ್59, ಕೆಎಲ್‌ಎಫ್14 ಇವೂ ಏರ್ತವೆ, ಸಿ1ಒಆರ್‌ಎಫ್132 ಇಳಿಯುತ್ತೆ. 2015ರಲ್ಲಿ ಪೋಲೆಂಡಿನವ್ರು ಈ ಐದನ್ನೇ ಇಟ್ಕೊಂಡು ಸರಾಸರಿ 4 ವರ್ಷದೊಳಗಿನ ತಪ್ಪಲ್ಲಿ ವಯಸ್ಸು ಹೇಳಿದ್ರು. 2013ರ ಹೊರ್ವಾತ್ ಗಡಿಯಾರ ಅಂತ ಇದೆ, ಅದೂ ಮಿಥೈಲ್ ನೋಡಿ ವಯಸ್ಸು ಹೇಳೋ ಲೆಕ್ಕಾನೇ, ಅದ್ರಲ್ಲಿ 353 ಜಾಗ, ಆದ್ರೆ ಅದಕ್ಕೆ ಸಾವಿರಾರು ಜಾಗ ಒಟ್ಟಿಗೆ ಓದೋ ಚಿಪ್ ಬೇಕು, ಒಳ್ಳೆ ಡಿಎನ್‌ಎ ದಂಡಿಯಾಗಿ ಬೇಕು, ಬಟ್ಟೆ ಮೇಲಿನ ಕಲೆಯಿಂದ ಅಷ್ಟೆಲ್ಲಿ ಸಿಗುತ್ತೆ.

ಈಗ ಕೆಲಸಕ್ಕೆ ಬರೋಣ. ನಿಮ್ಮದೇ ಮಾಡೆಲ್, ಅಂದ್ರೆ ಮಿಥೈಲ್ ಪರ್ಸೆಂಟಿಂದ ವಯಸ್ಸು ಲೆಕ್ಕ ಹಾಕೋ ಸೂತ್ರ, ಕಟ್ಟೋದಾದ್ರೆ ವಯಸ್ಸು ಗೊತ್ತಿರೋ ಜನರ ರಕ್ತ ಬೇಕು, ಎಥಿಕ್ಸ್ ಕಮಿಟಿ ಒಪ್ಪಿಗೆ, ಕೊಡೋರ ಸಹಿ ಎಲ್ಲಾ ಮುಗಿಸಿಕೊಂಡೇ ಶುರು ಮಾಡಿ. ಇಲ್ಲೇ ಎಲ್ಲಾರೂ ಎಡವೋದು. ನಮ್ಮ ಮನೇಲಿ ಅಪ್ಪ, ದೊಡ್ಡಪ್ಪ, ಇಬ್ರು ಅತ್ತೇರು, ನಾಲ್ಕೂ ಜನ ಹುಟ್ಟಿದ್ದು ಜೂನ್ 1ನೇ ತಾರೀಕು! ಮಂಡ್ಯ ಕಡೆಯವ್ರಿಗೆ ಇದೇನು ಹೊಸದಲ್ಲ, ಸ್ಕೂಲಿಗೆ ಕರ್ಕೊಂಡೋದಾಗ ಮೇಷ್ಟ್ರು ಬಲಗೈನ ತಲೆ ಮೇಲಿಂದ ಹಾಕ್ಸಿ ಎಡಗಿವಿ ಎಟಕುತ್ತಾ ನೋಡಿ, ಎಟಕಿದ್ರೆ ಸರಿ ಸೇರಿಸ್ಕೋ ಅಂತ ಅಂದಾಜಲ್ಲಿ ಜೂನ್ 1 ಅಂತ ಬರ್ಕೊಂಡ್ರು, ಅದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಯ್ತು, ಅಲ್ಲಿಂದ ಆಧಾರಿಗೂ ಹೋಯ್ತು. ಇಂಥಾ ತಾರೀಕು ಹಾಕಿ ಮಾಡೆಲ್ ಕಟ್ಟಿದ್ರೆ ಆ ಅಂದಾಜಿನ ಒಂದೆರಡು ವರ್ಷದ ತಪ್ಪು ನಿಮ್ಮ ಲೆಕ್ಕದೊಳಗೇ ಕೂತ್ಕೊಳ್ಳುತ್ತೆ, ಆಮೇಲೆ ಎಷ್ಟೇ ಸಲ ರನ್ ಮಾಡಿದ್ರೂ ಹೋಗಲ್ಲ. ಆದಷ್ಟು ಆಸ್ಪತ್ರೇಲಿ ಹುಟ್ಟಿ ಜನನ ಪತ್ರ ಇರೋರನ್ನೇ ತಗೊಳ್ಳಿ. ವಯಸ್ಸಾದವ್ರಲ್ಲಿ ಅದು ಸಿಗೋದು ಕಷ್ಟ, ಜಾತಕ ಇದ್ಯಾ ಕೇಳಿ, ನಾನಂತೂ ಹಂಗೇ ಕೇಳ್ತೀನಿ, ನಗೋರು ನಗ್ಲಿ. ಜೂನ್ 1 ಅಂದವ್ರನ್ನ ಪಕ್ಕಕ್ಕಿಡಿ.

ಸ್ಯಾಂಪಲ್ ಬಂದ್ಮೇಲೆ ಅದು ರಕ್ತಾನೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ರಕ್ತದ ಮಾಡೆಲ್ಲಿಗೆ ವೀರ್ಯ ಹಾಕಿದ್ರೆ ಬರೋ ನಂಬರಿಗೆ ಅರ್ಥಾನೇ ಇಲ್ಲ, ಎಂಜಲಲ್ಲಿ ಬಾಯಿ ಚರ್ಮದ ಕೋಶಾನೂ ಬಿಳಿ ರಕ್ತಕಣಾನೂ ಕಲ್ತಿರುತ್ತೆ, ಅದಕ್ಕೆ ಬೇರೆಯದೇ ಮಾಡೆಲ್ ಬೇಕು. ಡಿಎನ್‌ಎ ಕಮ್ಮಿ ಇದ್ರೆ ಮೊದ್ಲು ಯಾರದ್ದು ಅಂತ ಗುರುತಿಸೋ ಮಾಮೂಲಿ ಡಿಎನ್‌ಎ ಪರೀಕ್ಷೆ, ಎಸ್‌ಟಿಆರ್ ಪ್ರೊಫೈಲ್, ಮಾಡಿ, ಉಳಿದ್ರೆ ಇದು.

ಆಮೇಲೆ ಬೈಸಲ್ಫೈಟ್. ಈ ಕೆಮಿಕಲ್ ಹಾಕಿದ್ರೆ ಮಿಥೈಲ್ ಇಲ್ಲದ ಸಿ ಯುರಾಸಿಲ್ ಆಗುತ್ತೆ, ಪಿಸಿಆರಲ್ಲಿ ಡಿಎನ್‌ಎ ಕಾಪಿ ಹೆಚ್ಚಿಸಿದ್ಮೇಲೆ ಟಿ ಅಂತ ಕಾಣುತ್ತೆ, ಮಿಥೈಲ್ ಇರೋದು ಸಿ ಆಗೇ ಉಳಿಯುತ್ತೆ, ಪೈರೋಸೀಕ್ವೆನ್ಸರ್ ಅನ್ನೋ ಡಿಎನ್‌ಎ ಅಕ್ಷರ ಓದೋ ಯಂತ್ರದಲ್ಲಿ ಸಿ ಎಷ್ಟು ಟಿ ಎಷ್ಟು ಅಂತ ನೋಡಿದ್ರೆ ಪರ್ಸೆಂಟ್ ಸಿಕ್ತು. ಕೇಳೋಕೆ ಸುಲಭ, ಆದ್ರೆ ಇದು ಡಿಎನ್‌ಎನ ಚಿಂದಿ ಮಾಡುತ್ತೆ. ಒಂದು ನ್ಯಾನೋಗ್ರಾಂ ಅಂದ್ರೆ ಸುಮಾರು 300 ಕಾಪಿ, ಅದ್ರಲ್ಲಿ ಬಹಳಷ್ಟು ಹಾಳಾಗಿ ಟ್ಯೂಬಲ್ಲಿ 20 ಉಳೀತು ಅಂದ್ಕೊಳ್ಳಿ, ಆಗ ಒಂದೊಂದು ಕಾಪಿಗೂ 5 ಪರ್ಸೆಂಟ್! ಒಂದು ಕಾಪಿ ಆ ಕಡೆ ಈ ಕಡೆ ಆದ್ರೆ ವಯಸ್ಸು ಎಲ್ಲೆಲ್ಲೋ ಹೋಗುತ್ತೆ. ಅದಕ್ಕೇ ಕಮ್ಮಿ ಸ್ಯಾಂಪಲ್ಲಲ್ಲಿ ಮೂರು ಸಲ ಬೇರೆ ಬೇರೆಯಾಗಿ ಪಿಸಿಆರ್ ಮಾಡಿ, ಮೂರೂ ಪರ್ಸೆಂಟ್ ದೂರ ದೂರ ಬಂದ್ರೆ ರಿಪೋರ್ಟ್ ಬರೆಯೋಕೇ ಹೋಗ್ಬೇಡಿ. ತುಣುಕು ಚಿಕ್ಕದಿರೋ ಹಂಗೆ, 150 ಬೇಸ್ (ಅಕ್ಷರ) ಆಸುಪಾಸಲ್ಲಿ ಪ್ರೈಮರ್, ಅಂದ್ರೆ ಪಿಸಿಆರ್ ಎಲ್ಲಿಂದ ಶುರು ಅಂತ ತೋರ್ಸೋ ಸಣ್ಣ ಡಿಎನ್‌ಎ ಚೂರು, ಮಾಡಿ, ಪ್ರೈಮರ್ ಒಳಗೆ ಸಿಪಿಜಿ ಬರ್ದಂಗೆ ನೋಡ್ಕೊಳ್ಳಿ. ಪ್ರತಿ ರನ್ನಲ್ಲೂ ಮಿಥೈಲ್ 0 ಮತ್ತು 100 ಪರ್ಸೆಂಟ್ ಅಂತ ಮೊದ್ಲೇ ಗೊತ್ತಿರೋ ಕಂಟ್ರೋಲ್ ಡಿಎನ್‌ಎ ಹಾಕಿ, ಒಮ್ಮೆಯಾದ್ರೂ ಅವೆರಡನ್ನ 25, 50, 75 ಅಂತ ಬೆರೆಸಿ ನೋಡಿ, 50 ಹಾಕಿದ್ದು 38 ಅಂತ ಬಂದ್ರೆ ನಿಮ್ಮ ಪಿಸಿಆರ್ ಒಂದು ಕಡೆಗೆ ವಾಲ್ತಿದೆ ಅಂತ. ಸಿಪಿಜಿ ಅಲ್ಲದ ಒಂದು ಸಿ ಮೇಲೂ ಕಣ್ಣಿಡಿ, ಅದು ಪೂರ್ತಿ ಟಿ ಆಗಿರ್ಬೇಕು, ಇಲ್ಲಾಂದ್ರೆ ಬೈಸಲ್ಫೈಟ್ ಸರಿಯಾಗಿ ಕೆಲಸ ಮಾಡಿಲ್ಲ.

ಇನ್ನೊಂದು, ಪೈರೋಸೀಕ್ವೆನ್ಸಿಂಗಲ್ಲಿ ಕಟ್ಟಿದ ಸೂತ್ರಕ್ಕೆ ಸ್ನ್ಯಾಪ್‌ಶಾಟ್ ಅನ್ನೋ ಇನ್ನೊಂದು ಅಳೆಯೋ ವಿಧಾನದ ನಂಬರ್ ಹಾಕ್ಬೇಡಿ. ಒಂದು ಲ್ಯಾಬಲ್ಲಿ ಇದನ್ನೇ ಮಾಡಿ 30ರ ಹುಡುಗನ್ನ ಮುದುಕ ಮಾಡಿದ್ದನ್ನ ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಎರಡು ವಿಧಾನದ ಪರ್ಸೆಂಟ್ ಒಂದೇ ಅಲ್ಲ ಕಣ್ರಪ್ಪ.

ರಿಪೋರ್ಟಲ್ಲಿ ಒಂಟಿ ನಂಬರ್ ಬರೀಬೇಡಿ, ರೇಂಜ್ ಬರೀರಿ. ಸರಾಸರಿ ತಪ್ಪು 4 ವರ್ಷ ಅಂದ್ರೆ ಎಲ್ಲಾರಿಗೂ 4ರೊಳಗೇ ಅಂತ ಅಲ್ಲ, ಕೆಲವರಿಗೆ 8, 10 ಆದ್ರೂ ಆಶ್ಚರ್ಯ ಇಲ್ಲ, ವಯಸ್ಸಾದವ್ರಲ್ಲಿ ಇನ್ನೂ ಜಾಸ್ತಿ. ಅಪ್ಪನ್ನ ಕೇಳ್ಕೊಂಡು ಅವ್ರದ್ದೇ ರಕ್ತ ರನ್ ಮಾಡಿದ್ದೆ, 60 ಬಂತು. ದಾಖಲೆ ಪ್ರಕಾರ 61, ಚೀನಾ ಯುದ್ಧ ಆದಾಗ ಅಂಬೆಗಾಲಿಡ್ತಿದ್ದ ಅನ್ನೋ ಅಜ್ಜಿ ಲೆಕ್ಕದಲ್ಲಿ 63. ಮೂರೂ ರೇಂಜ್ ಒಳಗೇ ಬಂದ್ವು, ಅಂದ್ರೆ ಮೇಷ್ಟ್ರು ಸರೀನಾ ಅಜ್ಜಿ ಸರೀನಾ ಅನ್ನೋದು ಇದ್ರಿಂದ ತೀರ್ಮಾನ ಆಗಲ್ಲ.

ಇದೇ ಕಾರಣಕ್ಕೆ ಹುಡುಗನಿಗೆ 17 ಇಲ್ಲಾ 19 ಅನ್ನೋ ಕೇಸಿಗೆ ಇದನ್ನ ನೆಚ್ಕೋಬೇಡಿ. 2015ರ ಬಾಲನ್ಯಾಯ ಕಾಯ್ದೆ 94ನೇ ಸೆಕ್ಷನ್ನಲ್ಲಿ ಮೊದ್ಲು ಸ್ಕೂಲ್ ಇಲ್ಲಾ ಮೆಟ್ರಿಕ್ ಸರ್ಟಿಫಿಕೇಟ್, ಅದಿಲ್ಲಾಂದ್ರೆ ಮುನ್ಸಿಪಾಲಿಟಿ ಇಲ್ಲಾ ಪಂಚಾಯ್ತಿ ಜನನ ಪತ್ರ, ಎರಡೂ ಇಲ್ಲಾಂದ್ರೆ ಮಾತ್ರ ಮೂಳೆ ಪರೀಕ್ಷೆ ಅಥವಾ ಬೇರೆ ಹೊಸ ವೈದ್ಯಕೀಯ ಪರೀಕ್ಷೆ. ಈ ಮಿಥೈಲ್ ಲೆಕ್ಕ ಕೆಲಸಕ್ಕೆ ಬರೋದು ಯಾರು ಅಂತಾನೇ ಗೊತ್ತಿಲ್ಲದ ಕೇಸಲ್ಲಿ, ಅಪರಾಧ ನಡೆದ ಜಾಗದಲ್ಲಿ ರಕ್ತ ಇದೆ, ಡೇಟಾಬೇಸಲ್ಲಿ ಹೆಸರಿಲ್ಲ, ಆಗ ಹುಡುಕೋದು 25ರವ್ನನ್ನೋ 55ರವ್ನನ್ನೋ ಅನ್ನೋದಕ್ಕೆ.