ಕನ್ನಡಿಯಲ್ಲೂ ಓದಿಸಿಕೊಳ್ಳುವ ಕನ್ನಡ ಪದವನ್ನು ಬರೆಯುವ ಬಗೆ

ನೇರವಾಗಿ ನೋಡಿದಾಗಲೂ ಕನ್ನಡಿಯಲ್ಲಿ ನೋಡಿದಾಗಲೂ ಓದಲು ಬರುವಂತೆ ರಚಿಸಿದ ಪದವನ್ನು ಕನ್ನಡಿ ಆಂಬಿಗ್ರಾಂ ಎನ್ನುತ್ತಾರೆ. ಆಂಬುಲೆನ್ಸಿನ ಮುಂಭಾಗದಲ್ಲಿರುವ ತಿರುಗುಮುರುಗು ಬರಹ ಈ ಬಗೆಯದಲ್ಲ. ಅದು ಕನ್ನಡಿಯಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎ, ಎಚ್, ಐ, ಎಂ, ಓ, ಟಿ, ಯು, ವಿ, ಡಬ್ಲ್ಯೂ, ಎಕ್ಸ್, ವೈ ಎಂಬ 11 ಅಕ್ಷರಗಳು ಎಡಬಲ ಅದಲುಬದಲಾದರೂ ಹಾಗೆಯೇ ಉಳಿಯುತ್ತವೆ. ಕನ್ನಡದಲ್ಲಿ ಅಷ್ಟು ಸಲೀಸಿಲ್ಲ. ಗ, ರ, ಠ ಅಕ್ಷರಗಳ ಒಡಲು ಹೆಚ್ಚುಕಡಿಮೆ ಸಮವಾಗಿದ್ದರೂ, ತಲೆಕಟ್ಟು ಬಲಕ್ಕೆ ಏರುವುದರಿಂದ ಕನ್ನಡಿಯಲ್ಲಿ ಅದು ಎಡಕ್ಕೆ ವಾಲುತ್ತದೆ. ಹಾಗೆಂದು ತಲೆಕಟ್ಟನ್ನೇ ಕೈಬಿಟ್ಟರೆ ರಕಾರವು ಸೊನ್ನೆಯಂತೆ ಕಾಣುತ್ತದೆ. ಆದ್ದರಿಂದ ಎರಡೂ ತುದಿಗಳು ಒಂದೇ ಎತ್ತರಕ್ಕೆ ಏಳುವ ತಲೆಕಟ್ಟೊಂದನ್ನು ಮೊದಲು ರೂಪಿಸಿಕೊಂಡು, ಅದನ್ನೇ ಎಲ್ಲ ಅಕ್ಷರಗಳಿಗೂ ಬಳಸಬೇಕು. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ.

ಪದದ ಆಯ್ಕೆಯಲ್ಲಿ ಅಕ್ಷರಗಳ ಆಕಾರದಷ್ಟೇ ಅವುಗಳ ಸಾಲೂ ಮುಖ್ಯ. ‘ಗರಗರ’ ಎಂಬುದರ ಎರಡೂ ಅಕ್ಷರಗಳು ಅನುಕೂಲಕರವೆನಿಸಿದರೂ ಕನ್ನಡಿಯಲ್ಲಿ ಅದು ‘ರಗರಗ’ ಆಗುತ್ತದೆ. ಹಿಂದುಮುಂದಾಗಿ ಓದಿದರೂ ಬದಲಾಗದ ಪದಗಳಿಂದ ಆರಂಭಿಸುವುದು ಒಳ್ಳೆಯದು. ಅವುಗಳಲ್ಲಿಯೂ ಕಷ್ಟ ಒಂದೇ ಕಡೆ ಇರುವುದಿಲ್ಲ: ‘ಸರಸ’ದಲ್ಲಿ ನಡುವಿನ ರಕಾರ ಸುಲಭ, ಆದರೆ ಕೊನೆಯ ಸಕಾರವು ಮೊದಲನೆಯದರ ಪ್ರತಿಬಿಂಬವಾಗಿಯೇ ನಿಲ್ಲಬೇಕು, ‘ಕನಕ’ದಲ್ಲಿ ಅಂಚಿನ ಕಕಾರಗಳು ಸುಲಭವಾಗಿ ಒಗ್ಗುತ್ತವೆ, ಆದರೆ ಪದವನ್ನು ಎಡಬಲವಾಗಿ ಸಮಭಾಗ ಮಾಡುವ ನಡುಗೆರೆ ನಕಾರದ ನಡುವೆಯೇ ಹಾಯುವುದರಿಂದ ಅದರ ಎರಡೂ ಪಕ್ಕಗಳನ್ನು ಸಮಗೊಳಿಸಬೇಕಾಗುತ್ತದೆ. ಕೊಂಬು, ಗುಡಿಸು, ಒತ್ತಕ್ಷರಗಳಿರುವ ಪದಗಳನ್ನು ಕೈ ಪಳಗುವವರೆಗೆ ದೂರವಿಡಿ.

ಪಾರದರ್ಶಕ ಹಾಳೆಯನ್ನು ನಡುವೆ ಮಡಚಿ, ಮಡಿಕೆಯ ಎಡಕ್ಕೆ ಪದದ ಅರ್ಧವನ್ನು ಮಾತ್ರ ಬರೆದು, ಮತ್ತೆ ಮಡಚಿ ಬೆಳಕಿಗೆ ಹಿಡಿದು ಉಳಿದರ್ಧವನ್ನು ತಿದ್ದಿಕೊಳ್ಳಿ. ಕಂಪ್ಯೂಟರಿನಲ್ಲಾದರೆ ಅರ್ಧಭಾಗದ ಪ್ರತಿಯನ್ನು ಎಡಬಲ ತಿರುಗಿಸಿ ಜೋಡಿಸಿದರಾಯಿತು. ಓರೆ ಮೊನೆಯ ಲೇಖನಿಯ ದಪ್ಪ-ತೆಳು ಗೆರೆಗಳು ಕನ್ನಡಿಯಲ್ಲಿ ತಮ್ಮ ಓರೆಯನ್ನು ಬದಲಿಸುವುದರಿಂದ, ಎಲ್ಲೆಡೆ ಒಂದೇ ದಪ್ಪವಿರುವ ಗೆರೆಯೇ ಲೇಸು. ಅಕ್ಷರವನ್ನು ಬಗ್ಗಿಸುವಾಗ ಅದನ್ನು ಗುರುತಿಸಲು ನೆರವಾಗುವ ಸುಳಿಯನ್ನೋ ತಿರುವನ್ನೋ ಉಳಿಸಿ, ಉಳಿದುದರಲ್ಲಿ ರಾಜಿ ಮಾಡಿಕೊಳ್ಳಿ.

ಪದ ಮೊದಲೇ ಗೊತ್ತಿರುವ ನಿಮ್ಮ ಕಣ್ಣು ಏನನ್ನಾದರೂ ಓದಿಬಿಡುತ್ತದೆ. ಆದ್ದರಿಂದ ಏನನ್ನೂ ಹೇಳದೆ ಬೇರೊಬ್ಬರಿಗೆ ತೋರಿಸಿ, ಅವರು ಯಾವ ಅಕ್ಷರದ ಬಳಿ ತಡವರಿಸುತ್ತಾರೋ ಅದನ್ನಷ್ಟೇ ಮತ್ತೆ ಬರೆಯಿರಿ.