ನನ್ನ ಆರ್‌ಎಕ್ಸ್-7 ಮತ್ತು ಗಟ್ಟಿಯಾದ ಕೊಳವೆಗಳು

ಎಂಜಿನ್ ವೇಗ 4500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟುತ್ತಿದ್ದಂತೆ ಕಾರಿಗೆ ಉಸಿರು ಕಟ್ಟುತ್ತಿತ್ತು. ಅಲ್ಲಿಯವರೆಗೆ ಸೊಗಸಾಗಿ ಓಡುತ್ತಿದ್ದದ್ದು ಆ ಗೆರೆ ಮುಟ್ಟಿದೊಡನೆ ಸೊರಗಿಬಿಡುತ್ತಿತ್ತು. 1993ರ ಮಜ್ದಾ ಆರ್‌ಎಕ್ಸ್-7, ಅಭಿಮಾನಿಗಳ ಬಾಯಲ್ಲಿ ‘ಎಫ್‌ಡಿ’. ಕೆಲಸಕ್ಕೆಂದು ಹಿರೋಷಿಮಾಕ್ಕೆ ಬಂದ ಎರಡನೆಯ ವರ್ಷ ಕೊಂಡಿದ್ದೆ. ಮಜ್ದಾದ ಊರಿನಲ್ಲಿದ್ದುಕೊಂಡು ಬೇರೆ ಕಾರು ಕೊಳ್ಳುವುದು ಬೇಲೂರಿಗೆ ಹೋಗಿ ದೇವಸ್ಥಾನ ನೋಡದೆ ಬಂದಂತೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೆ.

ಮಾರಿದವರು ‘ಸ್ವಲ್ಪ ಟ್ಯೂನಿಂಗ್ ಬೇಕಾದೀತು, ಅಷ್ಟೇ’ ಎಂದಿದ್ದರು. ಆ ಮಾತನ್ನು ನಾನು ನಂಬಲಿಲ್ಲ, ಆದರೆ ಕಂಪ್ರೆಷನ್ ಅಂಕಿಗಳನ್ನು, ಎಂದರೆ ಎಂಜಿನ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೇರುತ್ತದೆ ಎಂಬ ಅಳತೆಯನ್ನು, ನಂಬಿದೆ. ಇದರದ್ದು ರೋಟರಿ ಎಂಜಿನ್, ಪಿಸ್ಟನ್ ಬದಲು ರೋಟರ್ ಎಂಬ ತ್ರಿಕೋನ ತಿರುಗುವಂಥದ್ದು; ಅದಕ್ಕೆ ಮಾಮೂಲಿ ಗೇಜ್ ಸಾಲದು. ಒಂದೊಂದು ರೋಟರ್‌ಗೆ ಮೂರು ಮುಖ, ಮೂರರ ಒತ್ತಡವನ್ನೂ ಬೇರೆಬೇರೆಯಾಗಿ ತೋರಿಸುವ ಯಂತ್ರ ಬೇಕು. ಎಫ್‌ಡಿಯ 13ಬಿ-ಆರ್‌ಇಡಬ್ಲ್ಯೂ ಎಂಜಿನ್‌ಗೆ 250 ಆರ್‌ಪಿಎಂನಲ್ಲಿ ಚದರ ಸೆಂ.ಮೀ.ಗೆ 8.5 ಕೆ.ಜಿ. ಒತ್ತಡ ಇರಬೇಕು, 6ಕ್ಕಿಂತ ಇಳಿದರೆ ಎಂಜಿನ್ ಬಿಚ್ಚಬೇಕು. ನನ್ನದು ಮುಂದಿನ ರೋಟರ್‌ನಲ್ಲಿ 7.9, 7.8, 7.6, ಹಿಂದಿನದರಲ್ಲಿ 7.3, 7.2, 7.0. ಮುದಿ, ಆದರೆ ರೋಗಿಯಲ್ಲ.

ಈ ಎಂಜಿನ್ ಹೇಗೆ ತಿರುಗುತ್ತದೆ ಎಂಬುದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋಗಿ ನನಗೇ ಹೆಚ್ಚು ಅರ್ಥವಾಯಿತು. ಮನೆಯ ಒರಳುಕಲ್ಲನ್ನು ನೆನೆಸಿಕೊಳ್ಳಿ. ಗುಂಡು ತನ್ನಷ್ಟಕ್ಕೆ ತಿರುಗುತ್ತಲೇ ಗುಳಿಯ ಅಂಚನ್ನು ಸವರಿಕೊಂಡು ಸುತ್ತುತ್ತದೆ. ಇಲ್ಲಿ ಗುಂಡಿನ ಬದಲು ಉಬ್ಬಿದ ತ್ರಿಕೋನ. ಅದರ ಮೂರು ಮೂಲೆಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುತ್ತವೆ. ಮೂಲೆ ಮೂಲೆಗೂ ಒಂದು ತೆಳುವಾದ ಪಟ್ಟಿ, ಅದೇ ಅಪೆಕ್ಸ್ ಸೀಲ್. ರೋಟರ್ ಒಮ್ಮೆ ಸುತ್ತಿದರೆ ನಡುವಿನ ಶಾಫ್ಟ್ ಮೂರು ಸುತ್ತು ಹಾಕುತ್ತದೆ, ಹಾಗಾಗಿ ಮೀಟರ್ 7500 ತೋರಿಸುವಾಗ ರೋಟರ್ ತಿರುಗುತ್ತಿರುವುದು 2500 ಮಾತ್ರ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. 654 ಸಿಸಿಯ ಎರಡು ಕೋಣೆಗಳಿಂದ 255 ಅಶ್ವಶಕ್ತಿ. ಅಮ್ಮ ಎಲ್ಲವನ್ನೂ ಕೇಳಿ, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂದರು. ಊರೊಳಗೆ ಆರು ಎಂದೆ. ಆಮೇಲೆ ಅವರು ಮಾತು ಬದಲಿಸಿದರು.

ಆದರೆ ಈ ಕಾರಿನ ನಿಜವಾದ ಜಾಣ್ಮೆ ಅಶ್ವಶಕ್ತಿಯಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಗಿಡ್ಡ; ಅದನ್ನು ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದಕ್ಕೆ, ನೆಲಕ್ಕೆ ಹತ್ತಿರವಾಗಿ ಕೂರಿಸಿದ್ದಾರೆ. ಬಾನೆಟ್ ಅಲ್ಯೂಮಿನಿಯಂ, ಸಸ್ಪೆನ್ಷನ್ ತೋಳುಗಳೂ ಅದೇ. ಇಡೀ ಕಾರು 1250 ಕೆ.ಜಿ. ಆಸುಪಾಸು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಕಾರಿನ ಮೂತಿ ತಡಮಾಡದೆ ತಿರುಗುತ್ತದೆ. ಪರ್ವತದ ರಸ್ತೆಯಲ್ಲಿ ಒಮ್ಮೆ ಓಡಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನು ಉಸಿರು ಕಟ್ಟುವ ಕಾಯಿಲೆ. ಎಫ್‌ಡಿಯಲ್ಲಿ ಎರಡು ಟರ್ಬೊಗಳು (ಎಂಜಿನ್ನಿನ ಹೊಗೆಯಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಚಕ್ರಗಳು) ಸರದಿಯಲ್ಲಿ ಕೆಲಸ ಮಾಡುತ್ತವೆ. ಕಡಿಮೆ ವೇಗದಲ್ಲಿ ಹೊಗೆಯೆಲ್ಲ ಮೊದಲನೆಯದಕ್ಕೆ ಹೋಗುವುದರಿಂದ ಅದು ಬೇಗ ತಿರುಗುತ್ತದೆ. ಅಷ್ಟರಲ್ಲಿ ಸ್ವಲ್ಪ ಹೊಗೆಯನ್ನು ಕೊಟ್ಟು ಎರಡನೆಯದನ್ನು ಮೊದಲೇ ಸುತ್ತಿಸಿ ಅಣಿಗೊಳಿಸಲಾಗುತ್ತದೆ. 4500ರ ಹೊತ್ತಿಗೆ ಬಾಗಿಲುಗಳು ತೆರೆದು ಎರಡೂ ಒಟ್ಟಿಗೆ ದುಡಿಯುತ್ತವೆ. ಈ ಬಾಗಿಲುಗಳನ್ನು ಎಳೆದು ತಳ್ಳುವುದು ಗಾಳಿಯ ಒತ್ತಡ ಮತ್ತು ನಿರ್ವಾತ. ಅವನ್ನು ಹೊತ್ತು ತರುವುದು, ಎಂಜಿನ್‌ಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ ಹೆಣೆದುಕೊಂಡಿರುವ ಹತ್ತಾರು ಸಣ್ಣ ರಬ್ಬರ್ ಕೊಳವೆಗಳು. ಇಂಗ್ಲಿಷಿನವರು ಅದನ್ನು ಇಲಿಯ ಗೂಡು ಎನ್ನುತ್ತಾರೆ. ನನಗೆ ಕಂಡದ್ದು ಬಿಸಿಲಿಗೆ ಒಣಗಿದ ಶ್ಯಾವಿಗೆ. ಮುಟ್ಟಿದರೆ ಬಾಗುವುದಿಲ್ಲ, ಮುರಿಯುತ್ತದೆ.

ಕಾರಣ ಬಿಸಿ. ರೋಟರಿಯ ದಹನಕೋಣೆ ಉದ್ದ, ತೆಳು. ಉರಿ ನಿಧಾನವಾಗಿ ಹರಡುವುದರಿಂದ ಹೊಗೆ ಇನ್ನೂ ಕಾದಿರುವಾಗಲೇ ಹೊರಗೆ ಬರುತ್ತದೆ. ಪಕ್ಕದಲ್ಲೇ ಎರಡು ಟರ್ಬೊಗಳು. ಇಂಥ ಒಲೆಯ ಮೇಲೆ ಮೂರು ದಶಕ ಬೆಂದ ರಬ್ಬರ್ ಇನ್ನೇನಾದೀತು?

ಜಪಾನಿನ ಬಾಡಿಗೆ ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡುವಂತಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜ್ ಹಿಡಿದೆ. ಅಲ್ಲಿ ತಮ್ಮದೇ ಕಾರು ಬಿಚ್ಚುತ್ತಿದ್ದ ಹಿರಿಯರೊಬ್ಬರು ನನ್ನ ಉತ್ಸಾಹ ನೋಡಿ ಹೇಳಿದ್ದು ಇಷ್ಟೇ: ‘ಒಂದು ಬಿಚ್ಚು, ಒಂದು ಹಾಕು. ಎಲ್ಲವನ್ನೂ ಬಿಚ್ಚಿದರೆ ನಿನ್ನ ಕಾರು ಇಲ್ಲೇ ಇರುತ್ತದೆ.’ ಹಾಗೆಯೇ ಮಾಡಿದೆ. ಪ್ರತಿ ಕೊಳವೆಗೂ ಬಣ್ಣದ ಟೇಪ್, ಪ್ರತಿ ಹೆಜ್ಜೆಗೂ ಫೋಟೊ. ಗಾಳಿಯ ಕೊಳವೆಗಳಿಗೆಲ್ಲ 4 ಮಿ.ಮೀ. ಸಿಲಿಕೋನ್, ಪೆಟ್ರೋಲ್ ಆವಿ ಹರಿಯುವಲ್ಲಿ ಮಾತ್ರ ಇಂಧನಕ್ಕೆಂದೇ ಮಾಡಿದ ರಬ್ಬರ್, ಏಕೆಂದರೆ ಸಿಲಿಕೋನ್ ಪೆಟ್ರೋಲನ್ನು ತಾಳುವುದಿಲ್ಲ. ಹಳೆಯದನ್ನು ಎಳೆಯಬಾರದು, ಬ್ಲೇಡಿನಿಂದ ಸೀಳಬೇಕು. ಎಳೆದರೆ ಸೊಲೆನಾಯ್ಡ್‌ನ (ವಿದ್ಯುತ್ತಿನಿಂದ ಗಾಳಿ ಬಿಡುವ, ತಡೆಯುವ ಕವಾಟ) ಪ್ಲಾಸ್ಟಿಕ್ ಮೂತಿ ಕೈಗೆ ಬರುತ್ತದೆ. ನನ್ನ ಕೈಗೆ ಒಂದು ಬಂತು.

ಎರಡನೆಯ ದಿನ ವಾಷರ್ ಒಂದು ಕೈತಪ್ಪಿತು. ಇಂಟೇಕ್ ರಂಧ್ರಗಳಿಗೆ ಬಟ್ಟೆ ತುರುಕಿದ್ದೆನೋ ಇಲ್ಲವೋ ಎಂಬ ಅನುಮಾನ ಶುರುವಾಯಿತು. ಒಳಗೆ ಬಿದ್ದಿದ್ದರೆ ಮೊದಲ ಸುತ್ತಿನಲ್ಲೇ ಅಪೆಕ್ಸ್ ಸೀಲ್ ಚೂರು. ಮೂರು ಗಂಟೆ ಮ್ಯಾಗ್ನೆಟ್ ಕಡ್ಡಿ ಹಿಡಿದು ಹುಡುಕಿದೆ. ಕೊನೆಗೆ ಅದು ನನ್ನ ಪ್ಯಾಂಟಿನ ಮಡಿಕೆಯಲ್ಲಿತ್ತು. ಹಿರಿಯರು ನಗಲಿಲ್ಲ, ಒಂದು ಡಬ್ಬಿ ಕಾಫಿ ತಂದುಕೊಟ್ಟರು.

ಕೈಪಂಪಿನಿಂದ ನಿರ್ವಾತ ಕೊಟ್ಟು ಆ ಬಾಗಿಲುಗಳನ್ನು ಆಡಿಸುವ ಒಂದೊಂದು ಆಕ್ಚುಯೇಟರ್ ಅದನ್ನು ಹಿಡಿದುಕೊಳ್ಳುತ್ತದೆಯೇ ನೋಡಿದೆ. ಒಂದೇ ಕಡೆ ಗಾಳಿ ಬಿಡಬೇಕಾದ ಒಂದು ಚೆಕ್ ವಾಲ್ವ್ ಎರಡೂ ಕಡೆ ಬಿಡುತ್ತಿತ್ತು, ಬದಲಿಸಿದೆ. ಬಿಚ್ಚಿದ ಕೈಗೆ ಕೂಲೆಂಟ್‌ನ (ಎಂಜಿನ್ ತಣಿಸುವ ದ್ರವ) ಪ್ಲಾಸ್ಟಿಕ್ ಟ್ಯಾಂಕನ್ನೂ ತೆಗೆದು ಅಲ್ಯೂಮಿನಿಯಂ ಟ್ಯಾಂಕ್ ಹಾಕಿದೆ. ಹಳೆಯದರ ಅಂಚಿನಲ್ಲಿ ಕೂದಲೆಳೆಯ ಬಿರುಕಿತ್ತು. ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ನಡುವಿನಲ್ಲೇ ನಿಂತು ಎಲ್ಲ ಚೆನ್ನಾಗಿದೆ ಎನ್ನುತ್ತಿರುತ್ತದೆ, ಅದು ಏಳುವಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ. ಹಾಗಾಗಿ ಅಂಕಿ ತೋರಿಸುವ ಬೇರೆ ಮೀಟರ್ ಕೂರಿಸಿದೆ. ಎಫ್‌ಡಿ ಕೊಳ್ಳುವವರು ದೊಡ್ಡ ಟರ್ಬೊಗೆ ಮೊದಲು ಇದಕ್ಕೆ ದುಡ್ಡು ಹಾಕಲಿ.

ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಗ್ಯಾರೇಜಿನೊಳಗೆ ಜಾಗ ಬದಲಿಸಲು ತಣ್ಣಗಿದ್ದ ಎಂಜಿನ್ ಶುರು ಮಾಡಿ, ಹತ್ತು ಅಡಿ ಸರಿಸಿ ಆರಿಸಿದೆ. ಮತ್ತೆ ಹೊತ್ತಲೇ ಇಲ್ಲ. ಹೆಚ್ಚಾದ ಪೆಟ್ರೋಲ್ ಪ್ಲಗ್‌ಗಳನ್ನು ತೋಯಿಸಿಬಿಟ್ಟಿತ್ತು. ಜಪಾನೀಯರು ಇದಕ್ಕೆ ‘ಕಬುರಿ’ ಎನ್ನುತ್ತಾರೆ. ಇಂಧನದ ಫ್ಯೂಸ್ ತೆಗೆದು, ಸ್ಟಾರ್ಟರ್ ತಿರುಗಿಸಿ ಒಳಗನ್ನು ಒಣಗಿಸಿ, ನಾಲ್ಕೂ ಪ್ಲಗ್ ಒರೆಸಿ ಹಾಕಬೇಕಾಯಿತು.

ಭಾನುವಾರ ಬೆಳಗ್ಗೆ ಚೂಗೋಕು ಎಕ್ಸ್‌ಪ್ರೆಸ್‌ವೇ ಹತ್ತಿದೆ. ಮೂರನೆಯ ಗೇರ್, 3500, 4000. 4500ರಲ್ಲಿ ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಮುಳ್ಳು ಒಂದು ಕ್ಷಣ ಕೆಳಗೆ ಬಾಗಿತು, ಮತ್ತೆ ಎದ್ದಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ವೇಗದ ಮಿತಿ ನೆನಪಾಗಿ ಕಾಲು ತೆಗೆದೆ. ಮನೆಗೆ ಬಂದು ಟರ್ಬೊ ತಣಿಯಲೆಂದು ಎರಡು ನಿಮಿಷ ಎಂಜಿನ್ ಹಾಗೆಯೇ ಬಿಟ್ಟು ಕುಳಿತೆ. ಮೀಟರ್‌ನಲ್ಲಿ 96 ಡಿಗ್ರಿ. ಆರಿಸಿ ಬಾನೆಟ್ ಎತ್ತಿದರೆ ಕೂಲೆಂಟ್‌ನ ಸಿಹಿ ವಾಸನೆ. ರೇಡಿಯೇಟರ್‌ನ ಪಕ್ಕದಲ್ಲಿ ಒಂದು ಹಸಿರು ಹನಿ.